ಹಳೆಯ ಅಕ್ವೇರಿಯಂಗೆ ಹೊಸ ಗಪ್ಪಿ: ಜತ್ತ ಭಾಗದ ನೀರಿಗೆ ಹೊಂದಿಸುವುದು ಹೇಗೆ?

ಸಾಂಗಲಿ, ಮಿರಜ ಅಥವಾ ವಿಜಯಪುರದ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಗಪ್ಪಿ ಮೀನುಗಳು ಮನೆಯ ತೊಟ್ಟಿಗೆ ಬಿಟ್ಟ ಎರಡು-ಮೂರು ದಿನಗಳಲ್ಲಿ ಒಂದೊಂದಾಗಿ ಸಾಯುವುದುಂಟು. ಹಲವು ಸಲ ಅಷ್ಟಕ್ಕೇ ನಿಲ್ಲುವುದಿಲ್ಲ. ವಾರ ಕಳೆಯುವಷ್ಟರಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದ ಹಳೆಯ ಮೋಲಿ, ಪ್ಲಾಟಿ, ಟೆಟ್ರಾಗಳೂ ಮೈಮೇಲೆ ಬಿಳಿ ಚುಕ್ಕೆ ಎದ್ದು ಸಾಯತೊಡಗುತ್ತವೆ. ಅಂಗಡಿಯವರು ಕೆಟ್ಟ ಮೀನು ಕೊಟ್ಟರು ಎಂಬ ದೂರು ಆಗ ಸಾಮಾನ್ಯ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಎರಡೇ: ನೀರಿನ ದಿಢೀರ್ ಬದಲಾವಣೆ, ಮತ್ತು ಹೊಸ ಮೀನನ್ನು ಬೇರೆ ಇಡದೆ ನೇರವಾಗಿ ಹಳೆಯ ಮೀನುಗಳ ನಡುವೆ ಬಿಟ್ಟದ್ದು.

ಗಪ್ಪಿ ಮೂಲತಃ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪದ ಮೀನು. ಜರ್ಮನಿಯ ವಿಜ್ಞಾನಿ ಪೀಟರ್ಸ್ 1859ರಲ್ಲಿ ಇದನ್ನು ಮೊದಲು ವರ್ಣಿಸಿದರು. 1866ರಲ್ಲಿ ಟ್ರಿನಿಡಾಡ್‌ನಿಂದ ಲಂಡನ್ನಿಗೆ ಮಾದರಿಗಳನ್ನು ಕಳುಹಿಸಿದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಅವರ ಹೆಸರು ಮೀನಿಗೆ ಅಂಟಿಕೊಂಡಿತು. ಭಾರತಕ್ಕೆ ಇದು ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಇಂದಿಗೂ ಆರೋಗ್ಯ ಇಲಾಖೆ ಸೊಳ್ಳೆ ಮರಿ ತಿನ್ನಿಸಲು ಬಳಸುವ ಮೀನುಗಳಲ್ಲಿ ಗಪ್ಪಿಯೂ ಒಂದು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ‘ಗಪ್ಪಿ ಮಾಸೆ’ ಎಂದರೆ ಅಕ್ವೇರಿಯಂ ನೋಡದವರಿಗೂ ಗೊತ್ತು.

ಮೊದಲು ನೀರಿನ ಮಾತು

ಜತ್ತ ಸಾಂಗಲಿ ಜಿಲ್ಲೆಯ ಪೂರ್ವ ತುದಿಯ ಬರಪೀಡಿತ ತಾಲ್ಲೂಕು. ಇಲ್ಲಿನ ಗಡಿ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದ್ದೇ ನೀರಿಗಾಗಿ. 2022ರ ಕೊನೆಯಲ್ಲಿ ಆ ವಿಷಯ ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು. ಒಂದೇ ಮನೆಗೆ ಒಂದು ತಿಂಗಳು ಕೊಳವೆಬಾವಿ ನೀರು, ಇನ್ನೊಂದು ತಿಂಗಳು ಟ್ಯಾಂಕರ್ ನೀರು, ಕೆಲವೆಡೆ ಮ್ಹೈಸಾಳ ಏತ ನೀರಾವರಿಯಿಂದ ಬಂದ ಕೃಷ್ಣೆಯ ನೀರು. ಮನುಷ್ಯರು ಇದನ್ನು ಹೇಗೋ ತಡೆದುಕೊಳ್ಳುತ್ತಾರೆ. ಮೀನಿಗೆ ಪ್ರತಿ ಬದಲಾವಣೆಯೂ ಒಂದು ಪೆಟ್ಟು.

ಕಪ್ಪು ಕಲ್ಲಿನ ಈ ನೆಲದಲ್ಲಿ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಸೋಪು ನೊರೆ ಬರದಿದ್ದರೆ, ಬೇಳೆ ಬೇಗ ಬೇಯದಿದ್ದರೆ, ನೀರು ಕಾಯಿಸುವ ಪಾತ್ರೆಗೆ ಬಿಳಿ ಪದರ ಕಟ್ಟಿದರೆ ನೀರು ಗಡಸು ಎಂದೇ ಅರ್ಥ. ಸಂತೋಷದ ಸಂಗತಿ ಎಂದರೆ ಗಪ್ಪಿಗೆ ಇಂಥ ನೀರೇ ಇಷ್ಟ. ಪಿಎಚ್ 7ರಿಂದ 8ರ ನಡುವೆ, ಉಷ್ಣತೆ 22ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಆರಾಮವಾಗಿ ಬದುಕುತ್ತದೆ. ಆದ್ದರಿಂದ ‘ಶುದ್ಧ ನೀರು’ ಎಂದು ಅಂಗಡಿಯ ಜಾರ್ ನೀರನ್ನೇ ತೊಟ್ಟಿಗೆ ತುಂಬುವುದು ದುಡ್ಡು ಕೊಟ್ಟು ಮಾಡುವ ತಪ್ಪು. ಆರ್‌ಓ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆ. ಅದರಲ್ಲಿ ಗಪ್ಪಿ ರೆಕ್ಕೆ ಮುದುಡಿಕೊಂಡು ಸೊರಗುತ್ತದೆ. ನಿಯಾನ್ ಟೆಟ್ರಾದಂಥ ಮೃದು ನೀರಿನ ಮೀನುಗಳೂ ಜೊತೆಗಿದ್ದರೆ ಕೊಳವೆಬಾವಿ ನೀರಿಗೆ ಸ್ವಲ್ಪ ಆರ್‌ಓ ನೀರು ಬೆರೆಸಬಹುದು. ಆದರೆ ಪ್ರತಿ ಸಲ ಅದೇ ಪ್ರಮಾಣ ಇರಬೇಕು.

ಇನ್ನೊಂದು ಅಪಾಯ ಟಿಸಿಎಲ್ ಪುಡಿ. ಗ್ರಾಮ ಪಂಚಾಯಿತಿಯವರು ಬಾವಿಗೆ, ಟ್ಯಾಂಕಿಗೆ ಹಾಕುವ ಈ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಏರ್ ಪಂಪ್ ಬಿಟ್ಟರೆ ಇನ್ನೂ ಬೇಗ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳನ್ನು ಬಳಸಬಹುದು.

ಚೀಲದೊಳಗಿನ ಲೆಕ್ಕ

ಬಸ್ಸಿನಲ್ಲಿ ಎರಡು-ಮೂರು ಗಂಟೆ ಚೀಲದಲ್ಲಿರುವ ಮೀನು ಉಸಿರಾಡುತ್ತಲೇ ಇರುತ್ತದೆ, ಮಲ ಹಾಕುತ್ತಲೇ ಇರುತ್ತದೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿಯುತ್ತದೆ. ಅಮೋನಿಯಾ ಕೂಡಿಕೊಂಡರೂ ಪಿಎಚ್ ಕಡಿಮೆ ಇರುವವರೆಗೆ ಅದು ಹೆಚ್ಚು ಹಾನಿ ಮಾಡದ ರೂಪದಲ್ಲಿರುತ್ತದೆ. ಚೀಲದ ಬಾಯಿ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷಕಾರಿ ಅಮೋನಿಯಾದ ಪಾಲು ಸುಮಾರು 10 ಪಟ್ಟಾಗುತ್ತದೆ. ಅದರ ಮೇಲೆ ಮನೆಯ ಗಡಸು ನೀರನ್ನೂ ಚೀಲಕ್ಕೆ ಸುರಿದರೆ ಮೀನು ತನ್ನದೇ ಹೊಲಸಿನಲ್ಲಿ ಸಾಯುತ್ತದೆ.

ಹಾಗಾಗಿ ಬಿಚ್ಚಿದ ಚೀಲದಲ್ಲಿ ಗಂಟೆಗಟ್ಟಲೆ ಮೀನು ಇಟ್ಟುಕೊಳ್ಳಬಾರದು. ಕಟ್ಟಿದ ಚೀಲವನ್ನು 15-20 ನಿಮಿಷ ನೀರಿನ ಮೇಲೆ ತೇಲಿಬಿಟ್ಟು ಉಷ್ಣತೆ ಸಮ ಮಾಡಬೇಕು. ದಾರಿ ದೂರವಾಗಿದ್ದರೆ ಬಾಯಿ ಬಿಚ್ಚಿ, ಮೆತ್ತನೆಯ ಬಲೆಯಿಂದ ಮೀನನ್ನಷ್ಟೇ ಎತ್ತಿ ತಡಮಾಡದೆ ಸಿದ್ಧಪಡಿಸಿದ ನೀರಿಗೆ ಬಿಡುವುದು ಲೇಸು. ಅದೇ ಊರಿನ ಗೆಳೆಯರ ಮನೆಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಾದರೆ ಅವಸರವಿಲ್ಲ. ಮೀನನ್ನು ಚೀಲದ ನೀರಿನ ಸಮೇತ ಚಿಕ್ಕ ಬಕೆಟ್ಟಿಗೆ ಹಾಕಿ, ಔಷಧ ಅಂಗಡಿಯಲ್ಲಿ ಸಿಗುವ ಹೊಸ ಸಲೈನ್ ನಳಿಕೆಯಿಂದ ಹನಿ ಹನಿಯಾಗಿ ನೀರು ಬಿಡುತ್ತ ಒಂದು ಗಂಟೆಯಲ್ಲಿ ಹೊಂದಿಸಬಹುದು. ಎರಡೂ ಸಂದರ್ಭಗಳಲ್ಲಿ ಚೀಲದ ನೀರು ತೊಟ್ಟಿಗೆ ಸೇರಬಾರದು.

ಮೀನು ಕೊಳ್ಳುವಾಗ ಅಂಗಡಿಯವರು ಯಾವ ನೀರು ಬಳಸುತ್ತಾರೆ, ಉಪ್ಪು ಹಾಕುತ್ತಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅವರದು ನದಿ ನೀರು, ಮನೆಯದು ಕೊಳವೆಬಾವಿ ನೀರು ಎಂದಾದರೆ ಸಿದ್ಧಪಡಿಸುವ ನೀರಿಗೆ ಮೊದಲೇ ಆರ್‌ಓ ಅಥವಾ ಮಳೆ ನೀರು ಬೆರೆಸಿ, ನಂತರದ ದಿನಗಳಲ್ಲಿ ಕ್ರಮೇಣ ಗಡಸು ಹೆಚ್ಚಿಸಬೇಕು.

ಬೇರೆ ಬಕೆಟ್ಟಿನಲ್ಲಿ ಎಷ್ಟು ದಿನ?

ಹಳೆಯ ಮೀನುಗಳ ಜೀವ ಉಳಿಯುವುದು ಈ ಹಂತದಲ್ಲಿ. 20 ಲೀಟರಿನ ಬಕೆಟ್ಟು, ಒಂದು ಸ್ಪಾಂಜ್ ಫಿಲ್ಟರ್ ಇದ್ದರೆ ನಾಲ್ಕೈದು ಗಪ್ಪಿಗಳಿಗೆ ಸಾಕು. ಆ ಸ್ಪಾಂಜನ್ನು ಮೂರು-ನಾಲ್ಕು ವಾರ ಮೊದಲೇ ದೊಡ್ಡ ತೊಟ್ಟಿಯಲ್ಲಿ ಓಡಿಸಿದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಿರುತ್ತವೆ. ಹೊಚ್ಚ ಹೊಸ ಸ್ಪಾಂಜ್ ಹೆಸರಿಗಷ್ಟೇ ಫಿಲ್ಟರ್.

ಬಿಳಿ ಚುಕ್ಕೆ ರೋಗ ನಮ್ಮ ಕಡೆಯ ಬೆಚ್ಚನೆಯ ನೀರಿನಲ್ಲಿ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎರಡು ವಾರ ಕನಿಷ್ಠ, ನಾಲ್ಕು ವಾರ ಉತ್ತಮ. ನಾಲ್ಕು ವಾರ ಎನ್ನಲು ಕಾರಣ ಕರುಳಿನ ಕೆಂಪು ಹುಳು. ಮೀನಿನ ಗುದದಿಂದ ಕೆಂಪು ದಾರದ ಎಳೆಗಳು ಇಣುಕುವವರೆಗೆ ಇದು ಗೊತ್ತೇ ಆಗುವುದಿಲ್ಲ. ಇದಕ್ಕೆ ಬಳಸುವ ಲೆವಾಮಿಸೋಲ್ ಕುರಿಗಳ ಜಂತುಹುಳುವಿಗೆ ಕೊಡುವ ಔಷಧವೇ. ಮಾಡಗ್ಯಾಳ ಕುರಿಗಳಿಗೆ ಹೆಸರಾದ ತಾಲ್ಲೂಕಿನಲ್ಲಿ ಅದನ್ನು ಬಲ್ಲ ಪಶುವೈದ್ಯರು ಸಿಗುವುದು ಕಷ್ಟವಲ್ಲ. ಆದರೆ ಕುರಿಯ ಪ್ರಮಾಣ ಮೀನಿಗೆ ಹೊಂದದು, ಅವರನ್ನು ಕೇಳಿಯೇ ಹಾಕಬೇಕು.

ಯಾವ ಲಕ್ಷಣವೂ ಇಲ್ಲದಿದ್ದರೆ ಸುಮ್ಮನೆ ಔಷಧ ಸುರಿಯುವ ಅಗತ್ಯವಿಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ಲೀಟರಿಗೆ 1-2 ಗ್ರಾಂನಂತೆ ಕರಗಿಸಿ ಹಾಕಿದರೆ ಗಪ್ಪಿ ಸುಲಭವಾಗಿ ತಡೆದುಕೊಳ್ಳುತ್ತದೆ. ಬಕೆಟ್ಟಿನ ಬಲೆ, ಪೈಪು ದೊಡ್ಡ ತೊಟ್ಟಿಗೆ ತಾಗಬಾರದು. ದಿನ ಬಿಟ್ಟು ದಿನ ಐದು ಲೀಟರಿನಷ್ಟು ನೀರು ಬದಲಿಸಿದರಾಯಿತು. ಬೇಸಿಗೆಯಲ್ಲಿ ಅಷ್ಟು ನೀರೂ ಭಾರವೆನಿಸಿದರೆ ಉಪ್ಪು ಹಾಕದ ಹಳೆಯ ನೀರನ್ನು ತುಳಸಿ ಕಟ್ಟೆಗೆ, ಹೂಗಿಡಕ್ಕೆ ಹಾಕಬಹುದು. ಗಿಡಗಳಿಗೆ ಅದು ಗೊಬ್ಬರದ ನೀರು.

ಯಾರ ಜೊತೆ, ಎಷ್ಟು?

ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಗಪ್ಪಿಗೆ ಒಳ್ಳೆಯ ಜೊತೆಗಾರರು. ಟೈಗರ್ ಬಾರ್ಬ್ ಬಾಲ ಕಚ್ಚುತ್ತದೆ. ಫೈಟರ್ ಮೀನು ಗಂಡು ಗಪ್ಪಿಯ ಉದ್ದ ಬಾಲ ಕಂಡರೆ ಮೇಲೆ ಬೀಳುವುದುಂಟು. ಬೆಳೆದ ಏಂಜಲ್ ಮತ್ತು ಗೋಲ್ಡ್ ಫಿಶ್ ಮರಿಗಳನ್ನು ನುಂಗುತ್ತವೆ. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇದ್ದರೆ ಹೆಣ್ಣುಗಳಿಗೆ ಕಾಟ ಕಡಿಮೆ. ಸಂಜೆ ದೀಪ ಆರಿಸಿ, ಹಳೆಯ ಮೀನುಗಳಿಗೆ ಮೊದಲು ಆಹಾರ ಹಾಕಿ, ಗಿಡ-ಕಲ್ಲುಗಳ ಜಾಗ ಸ್ವಲ್ಪ ಬದಲಿಸಿ ಹೊಸಬರನ್ನು ಬಿಟ್ಟರೆ ಜಗಳ ಕಡಿಮೆಯಾಗುತ್ತದೆ.

ಬರೀ ಹೆಣ್ಣುಗಳನ್ನು ತಂದರೆ ಮರಿ ಆಗುವುದಿಲ್ಲ ಎಂಬ ನಂಬಿಕೆ ಸುಳ್ಳು. ಅಂಗಡಿಯ ಹೆಣ್ಣು ಗಪ್ಪಿ ಬಹುತೇಕ ಬಸುರಿಯೇ. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಲೇ ಇರುತ್ತದೆ. ಒಂದು ವರ್ಷದಲ್ಲಿ ತೊಟ್ಟಿ ತುಂಬುತ್ತದೆ.

ಹೆಚ್ಚಾದ ಮೀನುಗಳನ್ನು ಪುಣ್ಯದ ಕೆಲಸವೆಂದು ಕೆರೆಗೆ, ಬೋರ ನದಿಗೆ ಬಿಡಬಾರದು. ಪರದೇಶದ ಈ ಮೀನು ಅಲ್ಲಿನ ಸಣ್ಣ ಮೀನು, ಕಪ್ಪೆಗಳ ಮೊಟ್ಟೆ-ಮರಿಗಳನ್ನು ತಿಂದು ಅವುಗಳ ಜಾಗ ಹಿಡಿಯುತ್ತದೆ. ನೀರು ಕೂಡಿಟ್ಟುಕೊಳ್ಳುವ ಊರುಗಳಲ್ಲಿ ಡೆಂಗಿ ಸೊಳ್ಳೆಯ ಕಾಟವೂ ಇರುವುದರಿಂದ, ಹೆಚ್ಚುವರಿ ಗಪ್ಪಿಗಳು ಬೇಕೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ದನಕರುಗಳ ಸಿಮೆಂಟ್ ತೊಟ್ಟಿ, ಬಳಸದೆ ನಿಂತ ಹೌದುಗಳಲ್ಲಿ ಅವು ಸೊಳ್ಳೆ ಮರಿ ತಿಂದುಕೊಂಡಿರುತ್ತವೆ. ಅಂಥ ತೊಟ್ಟಿಯಿಂದ ಹಿಡಿದು ತಂದ ಗಪ್ಪಿಯನ್ನು ಮತ್ತೆ ಮನೆಯ ಅಕ್ವೇರಿಯಂಗೆ ಬಿಡುವುದಾದರೆ ಅದಕ್ಕೂ ನಾಲ್ಕು ವಾರದ ಬಕೆಟ್ ತಪ್ಪದು.