ಮುಟ್ಟಿನ ಮುಂಚಿನ ದಿನಗಳು: ಎಕ್ಸ್-ರೇಯಿಂದ ನಡಿಗೆಯವರೆಗೆ

1931ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ವೈದ್ಯ ರಾಬರ್ಟ್ ಫ್ರಾಂಕ್ 15 ಹೆಂಗಸರ ಸಂಕಟವನ್ನು ವೈದ್ಯಪತ್ರಿಕೆಯೊಂದರಲ್ಲಿ ವಿವರಿಸಿದರು. ಮುಟ್ಟಿಗೆ ಕೆಲವು ದಿನ ಇರುವಾಗಲೇ ಅವರಿಗೆ ತಡೆಯಲಾಗದ ಸಿಡಿಮಿಡಿ, ಚಡಪಡಿಕೆ. ಮುಟ್ಟಾದೊಡನೆ ಎಲ್ಲವೂ ಇಳಿಯುತ್ತಿತ್ತು. ಅಂಡಾಶಯದ ಹಾರ್ಮೋನು ಮೈಯಲ್ಲಿ ಅತಿಯಾಗಿ ಉಳಿದದ್ದೇ ಕಾರಣ ಎಂದು ನಂಬಿದ ಫ್ರಾಂಕ್, ಬಾಧೆ ತೀರಾ ಹೆಚ್ಚಿದ್ದವರ ಅಂಡಾಶಯಕ್ಕೆ ಎಕ್ಸ್-ರೇ ಹಾಯಿಸಿದರು.

ಈ ತೊಂದರೆಗೆ ಪಿಎಂಎಸ್ (ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್) ಎಂಬ ಹೆಸರು ನೆಲೆಯೂರಿದ್ದು 1953ರಲ್ಲಿ, ಬ್ರಿಟನ್ನಿನ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಬರೆದ ಲೇಖನದಿಂದ. ಪ್ರೊಜೆಸ್ಟರಾನ್ ಕೊಟ್ಟರೆ ಗುಣ ಎಂದು ಡಾಲ್ಟನ್ ದಶಕಗಳ ಕಾಲ ವಾದಿಸಿದರು. ಆದರೆ 2001ರಲ್ಲಿ ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ ಆ ವಾದಕ್ಕೆ ಆಧಾರ ಸಿಗಲಿಲ್ಲ.

ಹಾಗಾದರೆ ಡಾಲ್ಟನ್‌ರ ರೋಗಿಗಳಲ್ಲಿ ಗುಣ ಕಂಡಿದ್ದೇಕೆ? ಈ ತೊಂದರೆಯಲ್ಲಿ ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಿಗೂ ಸಾಕಷ್ಟು ಆರಾಮ ಸಿಗುತ್ತದೆ. 1998ರಲ್ಲಿ ಅಮೆರಿಕದಲ್ಲಿ 466 ಮಹಿಳೆಯರ ಮೇಲೆ ನಡೆದ ಪರೀಕ್ಷೆಯೇ ಇದಕ್ಕೆ ಸಾಕ್ಷಿ. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ ಮೂರನೇ ಋತುಚಕ್ರದ ಹೊತ್ತಿಗೆ ಲಕ್ಷಣಗಳು ಶೇ. 48ರಷ್ಟು ತಗ್ಗಿದವು, ಹುಸಿಮಾತ್ರೆ ಪಡೆದವರಲ್ಲೂ ಶೇ. 30ರಷ್ಟು ತಗ್ಗಿದ್ದವು. ಕ್ಯಾಲ್ಸಿಯಂನ ನಿಜವಾದ ಕೊಡುಗೆ ಈ ಎರಡರ ನಡುವಿನ ಅಂತರವಷ್ಟೇ.

ಇಂಥ ಸಂಶೋಧನೆಯ ಇನ್ನೊಂದು ಪಾಠವೂ ದೊಡ್ಡದು: ತಿಂಗಳ ಕೊನೆಯಲ್ಲಿ ನೆನಪಿನಿಂದ ಹೇಳಿದ್ದು ಸಾಲದು, ಕನಿಷ್ಠ ಎರಡು ಋತುಚಕ್ರಗಳ ಕಾಲ ಮಹಿಳೆಯೇ ಪ್ರತಿದಿನ ಬರೆದಿಟ್ಟ ಲೆಕ್ಕ ಬೇಕು. ಸಿಟ್ಟು, ಅಳು, ಸ್ತನಗಳ ನೋವು, ಹೊಟ್ಟೆಯುಬ್ಬರ, ನಿದ್ದೆಗೇಡು, ಇವು ಯಾವ ದಿನ ಬಂದವು, ಯಾವಾಗ ಹೋದವು? ರಕ್ತಪರೀಕ್ಷೆಯಲ್ಲಿ ಸಿಗದ ಉತ್ತರ ಆ ದಿನಚರಿಯಲ್ಲಿ ಸಿಗುತ್ತದೆ.

ಹುಸಿಮಾತ್ರೆಯ ಜೊತೆ ಹೋಲಿಸಿದಾಗ ಹೆಚ್ಚು ಗಟ್ಟಿಯಾಗಿ ನಿಂತ ಗಿಡಮೂಲಿಕೆ ಮೆಡಿಟರೇನಿಯನ್ ತೀರದ ಚೇಸ್ಟ್‌ಬೆರಿ. 2001ರ ಜರ್ಮನ್ ಪ್ರಯೋಗದಲ್ಲಿ 170 ಮಹಿಳೆಯರನ್ನು ಮೂರು ಋತುಚಕ್ರಗಳ ಕಾಲ ಗಮನಿಸಲಾಯಿತು. ಈ ಹಣ್ಣಿನ ಸಾರ ತೆಗೆದುಕೊಂಡವರಲ್ಲಿ ಶೇ. 52 ಮಂದಿಗೆ, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ. 24 ಮಂದಿಗೆ ಎದ್ದುಕಾಣುವ ಆರಾಮ ಸಿಕ್ಕಿತು. ಮೆದುಳಿನ ಡೋಪಮಿನ್ ಗ್ರಾಹಕಗಳ ಮೂಲಕ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಅದು ತಗ್ಗಿಸುತ್ತದೆ ಎಂಬುದು ವಿವರಣೆ. ಕರ್ನಾಟಕದಲ್ಲಿ ಮೈಕೈ ನೋವಿಗೆ ಸೊಪ್ಪು ಹಾಕಿ ನೀರು ಕಾಯಿಸುವ ಲಕ್ಕಿ ಗಿಡ ಇದೇ ಕುಲದ್ದು. ಆದರೆ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಇರಾನಿನಲ್ಲಿ ಅಡುಗೆಮನೆಯ ಕೇಸರಿಯೇ ಪರೀಕ್ಷೆಗೆ ಬಂತು. 2008ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ದಿನಕ್ಕೆ 30 ಮಿಲಿಗ್ರಾಂ ಕೇಸರಿ ಹುಸಿಮಾತ್ರೆಯನ್ನು ಸ್ಪಷ್ಟವಾಗಿ ಮೀರಿಸಿತು. 1980ರ ದಶಕದಲ್ಲಿ ಭಾರಿ ಹೆಸರು ಮಾಡಿದ್ದ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಮಾತ್ರ ಒಳ್ಳೆಯ ಪ್ರಯೋಗಗಳಲ್ಲಿ ಸೋತಿತು. ಸೇಂಟ್ ಜಾನ್ಸ್ ವರ್ಟ್ ಸ್ವಲ್ಪ ನೆರವಾದರೂ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಂದಿಸುತ್ತದೆ, ಖಿನ್ನತೆಯ ಔಷಧಗಳ ಜೊತೆ ಸೇರಿದರೆ ಅಪಾಯ ತರುತ್ತದೆ. ಗಿಡಮೂಲಿಕೆ ಬಳಸುವವರು ವೈದ್ಯರಿಗೆ ಅದನ್ನು ಹೇಳಲೇಬೇಕಾದದ್ದು ಇದಕ್ಕೇ.

ವ್ಯಾಯಾಮದ ಕಥೆ ಬೇರೆ. ಅದಕ್ಕೆ ಹುಸಿಮಾತ್ರೆಯಿಲ್ಲ, ನಡೆದವಳಿಗೆ ತಾನು ನಡೆದದ್ದು ಗೊತ್ತಿರುತ್ತದೆ. 1993ರ ಅಮೆರಿಕದ ಅಧ್ಯಯನವೊಂದು ಏರೋಬಿಕ್ ವ್ಯಾಯಾಮವನ್ನು ಭಾರ ಎತ್ತುವುದರ ಜೊತೆ ಹೋಲಿಸಿತು. ಎರಡೂ ನೆರವಾದವು, ಮಂಕು ಕವಿದ ಮನಸ್ಸಿಗೆ ಏರೋಬಿಕ್ ಹೆಚ್ಚು ಒಗ್ಗಿತು. ಮುಂದೆ ಈಜು, ಯೋಗ, ನಡಿಗೆಗಳ ಮೇಲೂ ಪ್ರಯೋಗಗಳಾದವು. 2020ರಲ್ಲಿ ಇಂಥ 15 ಪ್ರಯೋಗಗಳನ್ನು ಒಗ್ಗೂಡಿಸಿದ ವಿಶ್ಲೇಷಣೆ, ವ್ಯಾಯಾಮದಿಂದ ದೇಹದ ನೋವು, ಮನಸ್ಸಿನ ತಳಮಳ ಎರಡೂ ತಗ್ಗುತ್ತವೆ ಎಂದಿತು. ಪ್ರಯೋಗಗಳ ಗುಣಮಟ್ಟ ಸಾಲದು ಎಂದೂ ಎಚ್ಚರಿಸಿತು.

ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಚಿಕಿತ್ಸೆಯ ಮೊದಲ ಮೆಟ್ಟಿಲಲ್ಲೇ ವ್ಯಾಯಾಮವನ್ನು ಸೇರಿಸಿದೆ. ಪಿಎಂಎಸ್ ಬದುಕನ್ನೇ ಅಸ್ತವ್ಯಸ್ತ ಮಾಡುವ ತೀವ್ರ ರೂಪ ತಾಳಿದರೆ ಅದು ಪಿಎಂಡಿಡಿ. ಅದಕ್ಕೆ ಕಷಾಯ, ನಡಿಗೆಗಳಷ್ಟೇ ಸಾಲವು. ಪರಿಣಾಮಕಾರಿ ಔಷಧಗಳಿವೆ, ಆತ್ಮಹತ್ಯೆಯ ಯೋಚನೆ ಸುಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ವ್ಯಾಯಾಮದ ಹಲವು ಅಧ್ಯಯನಗಳು ನಡೆದಿರುವುದು ಕಾಲೇಜು ವಿದ್ಯಾರ್ಥಿನಿಯರ ಮೇಲೆ. ದಿನವಿಡೀ ಬಗ್ಗಿ ರಾಗಿ ಹೊಲದ ಕಳೆ ಕೀಳುವವಳಿಗೆ, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತೇ ಇರುವವಳಿಗೆ ಯಾವ ವ್ಯಾಯಾಮ, ಎಷ್ಟು ವಿಶ್ರಾಂತಿ ಹಿತ? ಮುಂದಿನ ಪ್ರಯೋಗಗಳು ಅವರ ದಿನಚರಿಯನ್ನೂ ಓದಬೇಕಿದೆ.