ಡಿಸೆಂಬರ್ ಮಕ್ಕಳು ಮತ್ತು ಎಡಿಎಚ್‌ಡಿ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರುವ ವಯಸ್ಸನ್ನು ಡಿಸೆಂಬರ್ 31ಕ್ಕೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಒಂದೇ ತರಗತಿಯಲ್ಲಿ ಜನವರಿಯಲ್ಲಿ ಹುಟ್ಟಿದ ಮಗು ಎಲ್ಲರಿಗಿಂತ ದೊಡ್ಡದು, ಡಿಸೆಂಬರಿನಲ್ಲಿ ಹುಟ್ಟಿದ್ದು ಎಲ್ಲರಿಗಿಂತ ಚಿಕ್ಕದು. ಅಲ್ಲಿನ 6ರಿಂದ 12 ವರ್ಷದ 9,37,943 ಮಕ್ಕಳ ದಾಖಲೆ ಜಾಲಾಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಜನವರಿಯ ಹುಡುಗರಿಗಿಂತ ಡಿಸೆಂಬರಿನ ಹುಡುಗರಿಗೆ ಎಡಿಎಚ್‌ಡಿ (ಗಮನ ಕೊರತೆ–ಅತಿಚಟುವಟಿಕೆಯ ಸಮಸ್ಯೆ) ಎಂಬ ಹಣೆಪಟ್ಟಿ ಬೀಳುವ ಸಾಧ್ಯತೆ ಶೇ. 30ರಷ್ಟು ಹೆಚ್ಚಿತ್ತು. ಹುಡುಗಿಯರಲ್ಲಿ ಶೇ. 70ರಷ್ಟು! ಮಿದುಳಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ, ಓದಿದವರು ನಾವೇ.

ಹಾಗೆಂದು ಸಮಸ್ಯೆಯೇ ಸುಳ್ಳಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳನ್ನು ಕುರಿತು ಉಪನ್ಯಾಸ ಕೊಟ್ಟಿದ್ದರು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಮಿದುಳಿನ ಸ್ಕ್ಯಾನ್ ಅಧ್ಯಯನದ ಪ್ರಕಾರ, ಮಿದುಳಿನ ಹೊರಪದರ ಗರಿಷ್ಠ ದಪ್ಪ ಮುಟ್ಟುವುದು ಇತರ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ, ಇವರಲ್ಲಿ ಹತ್ತೂವರೆಗೆ. ಬೆಳವಣಿಗೆಯ ಕ್ರಮ ಅದೇ, ತಡವಷ್ಟೇ. ಆದರೆ ಒಂದು ಮಗುವಿನ ಸ್ಕ್ಯಾನ್ ನೋಡಿ ಯಾರೂ ಎಡಿಎಚ್‌ಡಿ ಎನ್ನಲಾರರು, ರಕ್ತಪರೀಕ್ಷೆಯೂ ಇಲ್ಲ.

ಇರುವುದು ವೈದ್ಯರ ವಿಚಾರಣೆ ಮಾತ್ರ. ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಂತೆ, ಗಮನ ಕೊರತೆಯ ಒಂಬತ್ತು ಲಕ್ಷಣಗಳಲ್ಲಾಗಲಿ, ಅತಿಚಟುವಟಿಕೆ–ದುಡುಕಿನ ಒಂಬತ್ತರಲ್ಲಾಗಲಿ, ಮಕ್ಕಳಲ್ಲಿ ಆರಾದರೂ ಆರು ತಿಂಗಳು ಕಾಣಿಸಿಕೊಳ್ಳಬೇಕು. ಕೆಲವು 12 ವರ್ಷದೊಳಗೇ ಶುರುವಾಗಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಈ ಕೊನೆಯ ಷರತ್ತೇ ಮುಖ್ಯ: ಗಣಿತದ ಪೀರಿಯಡ್ಡಿನಲ್ಲಿ ಮಾತ್ರ ಚಡಪಡಿಸುವ ಹುಡುಗನಿಗೆ ಬೇಸರವಾಗಿರಬಹುದು, ಕಣ್ಣು ಮಂಜಿರಬಹುದು, ರಾತ್ರಿ ನಿದ್ದೆ ಸಾಲದಿರಬಹುದು.

ಕೂತಲ್ಲಿ ಕೂರದ, ಕಾಲಿಗೆ ಚಕ್ರ ಕಟ್ಟಿಕೊಂಡ ಹುಡುಗನ ಮೇಲೆ ದೂರು ಬೇಗ ಬರುತ್ತದೆ. ಕಿಟಕಿ ಪಕ್ಕದ ಬೆಂಚಿನ ಹುಡುಗಿಯ ಮೇಲೆ ದೂರೇ ಇಲ್ಲ. ಅವಳು ಸದ್ದು ಮಾಡುವುದಿಲ್ಲ. ನೋಟ್‌ಬುಕ್ ತೆರೆದರೆ ಕಳೆಯುವ ಲೆಕ್ಕವನ್ನು ಕೂಡಿದ್ದಾಳೆ: ಲೆಕ್ಕ ಬಾರದೆ ಅಲ್ಲ, ಚಿಹ್ನೆ ನೋಡದೆ. ವರದಿಯಲ್ಲಿ ‘ಅಜಾಗರೂಕತೆ’ ಎಂದು ಬರೆದು ಮುಗಿಸುತ್ತಾರೆ.

ಕರ್ನಾಟಕದಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ಕ್ಕೆ ಸಡಿಲಿಸಿ, 5 ವರ್ಷ 5 ತಿಂಗಳಾದವರಿಗೂ ಅವಕಾಶ ಕೊಡಲಾಯಿತು. ಪೋಷಕರ ಅವಸರ ಅರ್ಥವಾಗುವಂಥದ್ದೇ. ಆದರೆ ಆ ತರಗತಿಯ ಮೇಷ್ಟ್ರು ಮಗುವಿನ ಚೇಷ್ಟೆ ಬರೆದಿಡುವಾಗ ಪಕ್ಕದಲ್ಲಿ ಹುಟ್ಟಿದ ತಿಂಗಳನ್ನೂ ಬರೆಯುವುದೊಳ್ಳೆಯದು.

ಮಾತ್ರೆಯ ಕಥೆ ಶುರುವಾದದ್ದು ಆಕಸ್ಮಿಕವಾಗಿ. ಅಮೆರಿಕದ ರೋಡ್ ಐಲೆಂಡಿನಲ್ಲಿ ವೈದ್ಯ ಚಾರ್ಲ್ಸ್ ಬ್ರಾಡ್ಲಿ ಬೆನ್ಜೆಡ್ರಿನ್ ಎಂಬ ಉತ್ತೇಜಕ ಔಷಧ ಕೊಟ್ಟ 30 ಮಕ್ಕಳಲ್ಲಿ 14 ಮಂದಿ ಶಾಲೆಯ ಕೆಲಸದಲ್ಲಿ ಚುರುಕಾದರು. ಅವರು ಅದನ್ನು ಪ್ರಕಟಿಸಿದ್ದು 1937ರಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್. 579 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, 14 ತಿಂಗಳ ಕೊನೆಗೆ ಲಕ್ಷಣಗಳನ್ನು ತಗ್ಗಿಸುವುದರಲ್ಲಿ ವರ್ತನಾ ಚಿಕಿತ್ಸೆಗಿಂತ ಔಷಧವೇ ಮುಂದಿತ್ತು. ಮೂರನೇ ವರ್ಷದ ಹೊತ್ತಿಗೆ ಆ ಮುನ್ನಡೆ ಕರಗಿತ್ತು. ಆರು ವರ್ಷದೊಳಗಿನವರಿಗಂತೂ ಮೊದಲು ತರಬೇತಿ ಬೇಕಿರುವುದು ಅಪ್ಪ ಅಮ್ಮನಿಗೆ.

ಆ ತರಬೇತಿ ತೀರಾ ಸಣ್ಣ ಸಂಗತಿಗಳಿಂದ ಶುರುವಾಗುತ್ತದೆ. “ಬ್ಯಾಗಿಡು, ಕೈಕಾಲು ತೊಳಿ, ಯೂನಿಫಾರಂ ಬಿಚ್ಚು, ಹೋಂವರ್ಕ್ ತೆಗಿ” ಎಂದು ಅಡುಗೆಮನೆಯಿಂದ ಒಂದೇ ಉಸಿರಿಗೆ ಕೂಗಿದರೆ ಮಗುವಿನ ತಲೆಯಲ್ಲಿ ಉಳಿಯುವುದು ಬ್ಯಾಗ್ ಒಂದೇ. ಹತ್ತಿರ ಬಂದು, ಮುಖ ನೋಡಿ, ಒಂದು ಕೆಲಸ ಹೇಳಬೇಕು. ಅದು ಆದಮೇಲೆ “ಭೇಷ್” ಅಂದು, ಇನ್ನೊಂದು.