ಗುರುಪೀಠ ಮತ್ತು ರಾಜಪೀಠ



ವಿಜಯನಗರ ಸಾಮ್ರಾಜ್ಯವನ್ನು ಸ್ಥಾಪಿಸಿದವರು ಯಾರು ಎಂದು ಕೇಳಿದರೆ, ‘ವಿದ್ಯಾರಣ್ಯರ ಆಶೀರ್ವಾದದಿಂದ 1336ರಲ್ಲಿ ಹಕ್ಕಬುಕ್ಕರು’ ಎಂದು ನೀವು ಥಟ್ಟನೆ ಹೇಳುತ್ತೀರಿ. ಅಂಕವೂ ಸಿಗುತ್ತದೆ. ಆದರೆ ಆ ರಾಜ್ಯ ಹುಟ್ಟಿದ್ದೇ ಮುಸಲ್ಮಾನರ ವಿರುದ್ಧ ಎಂದು ಯಾರಾದರೂ ಮಾತು ಮುಂದುವರಿಸಿದಾಗ ನಮ್ಮ ಮಕ್ಕಳು ತಲೆ ತಗ್ಗಿಸಿ ಕೂರುತ್ತಾರೆ. ಅದಕ್ಕೂ ಮೊದಲು ಶಾಸನಗಳು ಏನು ಹೇಳುತ್ತವೆ ಎಂಬುದನ್ನು ನೋಡೋಣ.

1346ರಲ್ಲಿ ಹರಿಹರ ಮತ್ತು ಅವನ ಸಹೋದರರು ತಮ್ಮ ವಿಜಯೋತ್ಸವಕ್ಕಾಗಿ ಶೃಂಗೇರಿಗೆ ಬಂದು, ಭಾರತೀತೀರ್ಥರಿಗೂ ಶಿಷ್ಯರಿಗೂ ಭೂದಾನ ಮಾಡಿದರು. ಈ ಶಾಸನದಲ್ಲಿ ರಾಜ್ಯ ಸ್ಥಾಪಕರೆಂದು ವಿದ್ಯಾರಣ್ಯರ ಹೆಸರಿಲ್ಲ. ಋಷಿಯ ಸಲಹೆಯಂತೆ ನಗರ ಕಟ್ಟಿದ ಕಥೆಯನ್ನು ಪೋರ್ಚುಗೀಸ್ ವರ್ತಕ ನೂನಿಜ್ ಬರೆದದ್ದು 1535ರ ಸುಮಾರಿಗೆ, ಅಂದರೆ ಸುಮಾರು ಇನ್ನೂರು ವರ್ಷಗಳ ನಂತರ. ವಿದ್ಯಾರಣ್ಯರು ಮಹಾ ವಿದ್ವಾಂಸರು, ಮುಂದೆ ಶೃಂಗೇರಿಯ ಪೀಠಾಧಿಪತಿಗಳೂ ಆದರು. ಅದರಲ್ಲಿ ಸಂದೇಹವಿಲ್ಲ. ಆದರೆ ರಾಜ್ಯವನ್ನು ಗಳಿಸಿದ ಮೇಲೆ ರಾಜರೇ ಗುರುಪೀಠವನ್ನು ಅರಸಿ ಬಂದರು ಎಂಬುದನ್ನು ಶಾಸನ ತೋರಿಸುತ್ತದೆ. ಹೊಸ ರಾಜವಂಶಕ್ಕೆ ಖಡ್ಗ ನೆಲವನ್ನು ಕೊಡಬಲ್ಲದು, ಜನರ ಗೌರವವನ್ನು ಕೊಡಲಾರದು.

ದೂರದ ಸರ್ಬಿಯಾದಲ್ಲಿ ಧರ್ಮಗುರುಗಳ ಪಾತ್ರ ಬೇರೆಯಾಗಿತ್ತು. ಒಟ್ಟೋಮನ್ ಆಳ್ವಿಕೆಯಲ್ಲಿ ಅಲ್ಲಿನ ಕ್ರೈಸ್ತರಿಗೆ ಸ್ವಂತ ರಾಜನಿರಲಿಲ್ಲ, ಚರ್ಚೇ ಅವರ ದೊಡ್ಡ ಸಂಸ್ಥೆಯಾಗಿತ್ತು. ಆದ್ದರಿಂದ 1804ರ ದಂಗೆಯಲ್ಲಿ ಪಾದ್ರಿ ಮತಿಯಾ ನೆನಾದೊವಿಚ್ ಸ್ವತಃ ಮುಂದಾಳಾದರು. 1805ರಲ್ಲಿ ರಚನೆಯಾದ ಆಡಳಿತ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರು. ಇಲ್ಲೊಂದು ಸಂಗತಿಯನ್ನು ಗಮನಿಸಿ. ದಂಗೆ ಮೊದಲು ಎದ್ದದ್ದು ಸುಲ್ತಾನನ ಮೇಲಲ್ಲ, ಸುಲ್ತಾನನಿಗೂ ಎದುರು ನಿಂತಿದ್ದ ಬೆಲ್‌ಗ್ರೇಡಿನ ಸೇನಾನಾಯಕರ ಮೇಲೆ. ಅವರು 1801ರಲ್ಲಿ ಕೊಂದ ರಾಜ್ಯಪಾಲ ಹಾಜಿ ಮುಸ್ತಫಾ ಪಾಷಾರನ್ನು ಸರ್ಬಿಯಾದ ಜನ ತಮ್ಮ ತಾಯಿ ಎಂದು ಕರೆಯುತ್ತಿದ್ದರು!

ನಮ್ಮಲ್ಲಿಯೂ ಹಾಗೆಯೇ. ವಿಜಯನಗರದವರು ಮಧುರೆಯ ಸುಲ್ತಾನರ ಮೇಲೆ ಯುದ್ಧ ಮಾಡಿದ್ದು ನಿಜ. ತಮಿಳುನಾಡಿನ ಶಂಭುವರಾಯರ ಮೇಲೆ ಮಾಡಿದ್ದೂ ಅಷ್ಟೇ ನಿಜ. ಯುದ್ಧ ರಾಜ್ಯಕ್ಕಾಗಿ ನಡೆಯಿತು. ರಾಜ್ಯ ಉಳಿದದ್ದು ಮಾತ್ರ ಎಲ್ಲರನ್ನೂ ಒಳಗೊಂಡಿದ್ದರಿಂದ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದನು. ಆ ಶಾಸನ ಶ್ರವಣಬೆಳಗೊಳದಲ್ಲಿದೆ. 1439ರಲ್ಲಿ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಹಂಪಿಯಲ್ಲಿ ಮಸೀದಿಯೊಂದನ್ನು ಕಟ್ಟಿಸಿದನು. ಅದರ ಶಾಸನ ಅದನ್ನು ‘ಧರ್ಮಶಾಲೆ’ ಎನ್ನುತ್ತದೆ, ಪುಣ್ಯವನ್ನು ದೇವರಾಯನಿಗೆ ಅರ್ಪಿಸುತ್ತದೆ.

ಅದೇ ಶೃಂಗೇರಿ ಮಠವನ್ನು 1791ರಲ್ಲಿ ಮರಾಠಾ ಸೈನ್ಯದ ಸವಾರರು ಲೂಟಿ ಮಾಡಿದಾಗ, ಟಿಪ್ಪು ಸುಲ್ತಾನ್ ಸ್ವಾಮಿಗಳನ್ನು ‘ಜಗದ್ಗುರು’ ಎಂದು ಸಂಬೋಧಿಸಿ ಕನ್ನಡದಲ್ಲಿ ಪತ್ರ ಬರೆದರು. ಶಾರದಾಂಬೆಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದರು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು.

ಮಿತ್ರರೇ, ಮುಂದಿನ ಬಾರಿ ಹಂಪಿ ಪ್ರವಾಸಕ್ಕೆ ಹೋದಾಗ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಹಿಂತಿರುಗಬೇಡಿ. ಅಹ್ಮದ್ ಖಾನನ ಧರ್ಮಶಾಲೆಯನ್ನೂ ಕೇಳಿಕೊಂಡು ಹೋಗಿ ನೋಡಿ. ಯಾರಾದರೂ ಚರಿತ್ರೆಯ ಹೆಸರಿನಲ್ಲಿ ನಿಮ್ಮನ್ನು ಹೊರಗಿನವರೆಂದರೆ ಕೋಪ ಮಾಡಿಕೊಳ್ಳಬೇಡಿ, ಇಸವಿ ಸಮೇತ ಉತ್ತರ ಕೊಡಿ. ಅದಕ್ಕಾಗಿ ಕನ್ನಡವನ್ನು ಚೆನ್ನಾಗಿ ಓದಿ. ಆ ಶಾಸನವೂ ಆ ಪತ್ರಗಳೂ ಇರುವುದು ಕನ್ನಡದಲ್ಲಿಯೇ.